ಏಳು ಹತ್ತರ ಹಾಜರಿ

ಪೊಲೀಸ್ ಸ್ಟೇಷನ್ ಎಂದರೆ ಕಳ್ಳರನ್ನು ಕೂಡಿಹಾಕುವ ಜಾಗ ಎಂದು ತಿಳಿದವರು ಒಂದು ದಿನ ಬಂದು ನಮ್ಮ ಕಿಟಕಿಯಕ್ಕನ ಎದುರು ನಿಲ್ಲಬೇಕು. ಆ ಸಣ್ಣ ಊರಿನಲ್ಲಿ ಕಳ್ಳರು ಸಿಗುತ್ತಿದ್ದುದು ವರ್ಷಕ್ಕೆ ಒಬ್ಬರೋ ಇಬ್ಬರೋ. ಅವರೂ ಹೆಚ್ಚಾಗಿ ಗುರುತಿನವರೇ. ಉಳಿದ ದಿನಗಳಲ್ಲಿ ಸ್ಟೇಷನ್ನಿನ ಕಾರುಬಾರೆಲ್ಲ ಮುಂಬಾಗಿಲ ಎಡಕ್ಕಿದ್ದ ಸೇವಾ ಕಿಟಕಿಯಲ್ಲಿ ನಡೆಯುತ್ತಿತ್ತು. ಒಂಬತ್ತು ವರ್ಷದಿಂದ ಅದರ ಹಿಂದೆ ಕೂರುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಹೆಂಗಸಿಗೆ ಊರೇ ಸೇರಿ ಕಿಟಕಿಯಕ್ಕ ಎಂದು ಹೆಸರಿಟ್ಟಿತ್ತು. ಅವಳ ಗಂಡ ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದ.

ಪರ ಊರಿಗೆ ಹೊರಟವರು ಆ ಕಿಟಕಿಯಲ್ಲಿ ಚೀಟಿ ಬರೆದುಕೊಟ್ಟರೆ ದಿನಕ್ಕೊಮ್ಮೆ ಯಾರಾದರೂ ಪೊಲೀಸರು ಹೋಗಿ ಬೀಗ ಜಗ್ಗಿ ನೋಡಿ ಬರುತ್ತಿದ್ದರು. ಒಬ್ಬ ಮಹಾತಾಯಿ ಆ ಚೀಟಿಯಲ್ಲಿ, "ಗಿಡಕ್ಕೆ ನೀರು ಹಾಕಿ, ಬೆಕ್ಕಿಗೆ ಹಾಲಿಡಿ, ನಾದಿನಿ ಬಂದರೆ ನಾವು ಬರುವುದು ಇನ್ನೂ ತಿಂಗಳಾಗುತ್ತದೆ ಎನ್ನಿ" ಎಂದು ಬರೆದಿದ್ದಳು. ಕಿಟಕಿಯಕ್ಕ ಮೊದಲೆರಡನ್ನು ಮಾಡಿಸಿದಳು. ಮೂರನೆಯದು ಕಾನೂನಿಗೆ ವಿರುದ್ಧ ಎಂದು ಚೀಟಿಯ ಹಿಂಬದಿಯಲ್ಲಿ ಬರೆದಿಟ್ಟಳು.

ಈ ಎಲ್ಲ ಕೆಲಸಗಳಲ್ಲಿ ಅವಳಿಗೆ ಪ್ರಾಣವಾಗಿದ್ದದ್ದು ಬೆಳಗಿನ ಹಾಜರಿ. ಊರಿನಲ್ಲಿ ಒಂಟಿಯಾಗಿರುವವರು ತಮ್ಮ ಹೆಸರು ಬರೆಸಿ, ಮನೆಯ ಇನ್ನೊಂದು ಕೀಲಿಕೈಯನ್ನು ಸ್ಟೇಷನ್ನಿನಲ್ಲಿ ಕೊಟ್ಟಿರಬೇಕು. ಬೆಳಗ್ಗೆ ಏಳರಿಂದ ಎಂಟರೊಳಗೆ ತಮ್ಮ ತಮ್ಮ ಹೊತ್ತಿಗೆ ಫೋನ್ ಮಾಡಿ ಇದ್ದೇನೆ ಎನ್ನಬೇಕು. ಅವಳು ರಿಜಿಸ್ಟರಿನಲ್ಲಿ ಹೊತ್ತು ಬರೆದು ಪಕ್ಕದಲ್ಲಿ ಗುರುತು ಹಾಕುತ್ತಾಳೆ. ಹೊತ್ತು ಮೀರಿ ಇಪ್ಪತ್ತು ನಿಮಿಷವಾದರೂ ಫೋನ್ ಬರದಿದ್ದರೆ ಅವಳೇ ಮಾಡುತ್ತಾಳೆ. ಅದನ್ನೂ ಯಾರೂ ಎತ್ತದಿದ್ದರೆ ಗಾಜಿನ ಕಪಾಟಿನಿಂದ ಕೀಲಿಕೈ ತೆಗೆದುಕೊಂಡು ಹೊರಡುತ್ತಾಳೆ. ಪಟ್ಟಿಯಲ್ಲಿ ಹದಿಮೂರು ಜನರಿದ್ದರು. ಸಂಜೆ ಮನೆಗೆ ಹೋದ ಕೂಡಲೇ ಅವಳ ಅತ್ತೆ ಕೇಳುತ್ತಿದ್ದ ಮೊದಲ ಪ್ರಶ್ನೆ, "ನಿನ್ನ ಹದಿಮೂರು ಜನ ಇದ್ದಾರೇನೇ?" ಎಂಬುದು. "ಇದ್ದಾರೆ ಅತ್ತೆ" ಎಂದ ಮೇಲೇ ಆ ಮನೆಯಲ್ಲಿ ಟೀ ಪಾತ್ರೆ ಒಲೆ ಏರುತ್ತಿತ್ತು.

ಹದಿಮೂರರಲ್ಲಿ ಹನ್ನೊಂದನೆಯವರು ಹಾಜರಿ ತಾತ. ನೂಲಿನ ಗಿರಣಿಯಲ್ಲಿ ಮೂವತ್ತೆಂಟು ವರ್ಷ ಹಾಜರಿ ಗುಮಾಸ್ತರಾಗಿದ್ದವರು. ಮದುವೆಯ ಗೋಜಿಗೆ ಹೋಗದೆ, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ತಮ್ಮ ಪಾಡಿಗೆ ತಾವಿದ್ದವರು. ದಿನವೂ ಸರಿಯಾಗಿ ಏಳು ಗಂಟೆ ಹತ್ತು ನಿಮಿಷಕ್ಕೆ ಅವರ ಫೋನ್ ಬರುತ್ತಿತ್ತು. ಮಾತು ಎರಡೇ: "ಹಾಜರ್. ಏಳು ಹತ್ತು." ಅಷ್ಟು ಹೇಳಿ ಇಟ್ಟುಬಿಡುತ್ತಿದ್ದರು. ಹೇಗಿದ್ದೀರಿ ಎಂದು ಕೇಳಲು ಕಿಟಕಿಯಕ್ಕ ಆರು ವರ್ಷದಿಂದ ಹವಣಿಸುತ್ತಿದ್ದಳು, ಒಮ್ಮೆಯೂ ಆಗಿರಲಿಲ್ಲ.

ಆ ಎರಡನೆಯ ಮಾತಿನಿಂದ ಸ್ಟೇಷನ್ನಿಗೊಂದು ಉಪಕಾರವಾಗುತ್ತಿತ್ತು. ಅಲ್ಲಿನ ಗೋಡೆ ಗಡಿಯಾರ ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುವ ಮೈಗಳ್ಳ. ತಾತ ಫೋನ್ ಇಟ್ಟ ಕೂಡಲೇ ಕಿಟಕಿಯಕ್ಕ ಸ್ಟೂಲ್ ಹತ್ತಿ, ಗಡಿಯಾರದ ಮುಳ್ಳನ್ನು ಏಳು ಹತ್ತಕ್ಕೆ ತಳ್ಳಿ ಇಳಿಯುತ್ತಿದ್ದಳು. ಇನ್ಸ್‌ಪೆಕ್ಟರ್ ಸಾಹೇಬರು ಇದನ್ನು ನೋಡಲಾರದೆ ಹೊಸ ಗಡಿಯಾರವೊಂದನ್ನು ತರಿಸಿ ಪೆಟ್ಟಿಗೆಯಲ್ಲೇ ಇಟ್ಟಿದ್ದರು. ನಾಳೆ ಹಾಕೋಣ ಸಾರ್, ನಾಡಿದ್ದು ಹಾಕೋಣ ಸಾರ್ ಎಂದು ಅವಳು ತಳ್ಳುತ್ತಲೇ ಬಂದಿದ್ದಳು.

ಪಟ್ಟಿಗೆ ಸೇರಲು ಬಂದ ದಿನ ತಾತ ಅವಳಿಗೆ ಒಂದು ಪಾಠ ಹೇಳಿದ್ದರು. ಗಿರಣಿಯ ಗೋದಾಮಿಗೆ ಒಮ್ಮೆ ಬೆಂಕಿ ಬಿದ್ದಿತ್ತಂತೆ. ಎಲ್ಲರೂ ಹೊರಗೆ ಬಂದರೇ ಎಂದು ರಿಜಿಸ್ಟರ್ ನೋಡಿ ಎಣಿಸಿದರೆ ಲೆಕ್ಕ ಸರಿಯಾಗಿತ್ತು. ಆದರೆ ಒಬ್ಬ ಒಳಗೇ ಇದ್ದ. ಮನೆಗೆ ಹೋಗಿದ್ದಾನೆ ಎಂದು ಗೆಳೆಯನೊಬ್ಬ ಮೊದಲೇ ಅವನ ಹೆಸರಿನ ಮುಂದೆ ಗೀಚಿಬಿಟ್ಟಿದ್ದ.

"ಅವನು ಬದುಕಿದ, ಕಿಟಕಿ ಒಡೆದುಕೊಂಡು ಬಂದ. ಅದು ಅವನ ಪುಣ್ಯ, ರಿಜಿಸ್ಟರಿನ ದಯೆ ಏನಲ್ಲ" ಎಂದಿದ್ದರು ತಾತ. "ಕಣ್ಣಲ್ಲಿ ನೋಡದೆ, ಕಿವೀಲಿ ಕೇಳದೆ ಯಾರ ಮುಂದೇನೂ ಗುರುತು ಹಾಕಬೇಡಮ್ಮ. ಹಾಕಿದರೆ ಅವನನ್ನ ಹುಡುಕೋರೇ ಇರಲ್ಲ."

ಅವಳು ಹೂಂ ಎಂದು ತಲೆಯಾಡಿಸಿದ್ದಳು. ತಲೆಯಾಡಿಸುವುದಕ್ಕೇನು ಕಷ್ಟ!

ಆ ಶನಿವಾರ ಸ್ಟೇಷನ್ನಿನ ಅಂಗಳದಲ್ಲಿ ಸೈಕಲ್‌ಗಳಿಗೆ ನಂಬರ್ ಕೊರೆಯುವ ದಿನವಾಗಿತ್ತು. ಕಳವಾದರೆ ಗುರುತು ಹಿಡಿಯಲು ಅನುಕೂಲವಾಗಲಿ ಎಂದು ವರ್ಷಕ್ಕೊಮ್ಮೆ ಪುಕ್ಕಟೆಯಾಗಿ ನಡೆಯುವ ಕೆಲಸ. ಪುಕ್ಕಟೆ ಎಂದ ಮೇಲೆ ಕೇಳಬೇಕೆ? ಏಳಕ್ಕೆ ಬನ್ನಿ ಎಂದರೆ ಆರೂವರೆಗೇ ಗೇಟಿನಾಚೆಗೂ ಸಾಲು ಬೆಳೆದಿತ್ತು. ಒಬ್ಬಾತ ಎರಡೂ ಚಕ್ರವಿಲ್ಲದ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ತಂದಿದ್ದ. ನಂಬರ್ ಕೊರೆಯಲು ಸೈಕಲ್ ಅಂಗಡಿಯವನೇ ತನ್ನ ಅಂಗಡಿಗೆ ಬಾಗಿಲು ಹಾಕಿ, ಉಳಿ ಸುತ್ತಿಗೆ ಹಿಡಿದು ಬಂದು ಕೂತಿದ್ದ.

ಕಿಟಕಿಯಕ್ಕ ಒಳಗೆ ಫೋನ್, ಹೊರಗೆ ಫಾರಂ ಎಂದು ಓಡಾಡುತ್ತಿದ್ದಳು. ಗೋಡೆಯ ಮೈಗಳ್ಳ ಏಳು ಐದು ತೋರಿಸುತ್ತಿದ್ದ. ಅಂದರೆ ಇನ್ನೇನು ತಾತನ ಫೋನ್ ಬರುವ ಹೊತ್ತು. ಅಷ್ಟರಲ್ಲಿ ಅಂಗಳದಲ್ಲಿ ಗಲಾಟೆ ಎದ್ದಿತು. ಅಂಚೆಯವನೂ ಹಾಲಿನವನೂ ಒಂದೇ ಹಸಿರು ಸೈಕಲ್ಲಿನ ಎರಡು ತುದಿ ಹಿಡಿದು ಇದು ನಂದು, ಇದು ನಂದು ಎಂದು ಜಗ್ಗುತ್ತಿದ್ದರು. ಅವಳು ಎದ್ದಳು. ಏಳುವಾಗ ಕೈಯಲ್ಲಿ ಪೆನ್ನಿತ್ತು, ಎದುರಿಗೆ ರಿಜಿಸ್ಟರ್ ಇತ್ತು. ಆರು ವರ್ಷ ತಪ್ಪದೆ ಬಂದ ಫೋನ್ ಇವತ್ತು ತಪ್ಪುತ್ತದೆಯೇ? ಹನ್ನೊಂದನೆಯ ಸಾಲಿನಲ್ಲಿ 7.10 ಎಂದು ಬರೆದು, ಪಕ್ಕದಲ್ಲಿ ಗುರುತು ಗೀಚಿ, ಹೊರಗೆ ಓಡಿದಳು.

ಹಸಿರು ಸೈಕಲ್ಲಿನ ನ್ಯಾಯ ಸುಲಭಕ್ಕೆ ತೀರಲಿಲ್ಲ. ಕೊನೆಗೆ ಸೈಕಲ್ ಅಂಗಡಿಯವನು ಟ್ಯೂಬ್ ಬಿಚ್ಚಿ, ತಾನೇ ಹಾಕಿದ ಪಂಕ್ಚರ್ ತೇಪೆಯನ್ನು ಗುರುತಿಸಿ, ಅಂಚೆಯವನದು ಎಂದು ತೀರ್ಪು ಕೊಟ್ಟ. ಹಾಲಿನವನ ಹಸಿರು ಸೈಕಲ್ ಗೋಡೆಗೆ ಒರಗಿಕೊಂಡು ನಿಂತೇ ಇತ್ತು. ಈ ನಡುವೆ ಫೋನ್ ನಾಲ್ಕೈದು ಸಲ ಬಡಿದುಕೊಂಡಿತು. ಪ್ರತಿ ಸಲವೂ ಅವಳು ಓಡಿ ಎತ್ತಿ, ಗುರುತು ಹಾಕಿ, ಮತ್ತೆ ಓಡಿದಳು. ಎಂಟಕ್ಕೆ ನೋಡಿದರೆ ಹದಿಮೂರು ಸಾಲಿಗೆ ಹದಿಮೂರು ಗುರುತು. ರಿಜಿಸ್ಟರ್ ಮುಚ್ಚಿದಳು.

ಸಾಲು ಕರಗಿ ಉಸಿರಾಡಲು ಬಿಡುವು ಸಿಕ್ಕಾಗ ಟೀ ಲೋಟ ಹಿಡಿದು ಕುರ್ಚಿಯಲ್ಲಿ ಕೂತಳು. ಆಗ ಗಿರಣಿಯ ಹನ್ನೊಂದರ ಸೈರನ್ ಕೂಗಿತು. ಅವಳು ಸುಮ್ಮನೆ ಗಡಿಯಾರದ ಕಡೆ ನೋಡಿದಳು. ಹನ್ನೊಂದಕ್ಕೆ ಇನ್ನೂ ಐದು ನಿಮಿಷ ಬಾಕಿ.

ಇದೇನು ಇಷ್ಟು ಹಿಂದೆ ಬಿದ್ದಿದೆ, ಬೆಳಗ್ಗೆ ತಾನೇ ಸರಿ ಮಾಡಿದ್ದೆನಲ್ಲ ಎಂದುಕೊಂಡಳು. ಮಾಡಿದ್ದೆನೇ? ಸ್ಟೂಲ್ ನೋಡಿದಳು. ಅದು ನಿನ್ನೆ ಇಟ್ಟ ಮೂಲೆಯಲ್ಲೇ, ಮೇಲೆ ಫಾರಂಗಳ ಕಟ್ಟು ಹೊತ್ತುಕೊಂಡು ಕೂತಿತ್ತು. ಅವಳು ಇವತ್ತು ಸ್ಟೂಲ್ ಹತ್ತಿರಲಿಲ್ಲ. ಹತ್ತಿರಲಿಲ್ಲ ಎಂದರೆ ಏಳು ಹತ್ತು ಎಂಬ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ.

ರಿಜಿಸ್ಟರ್ ತೆರೆದಳು. ಹನ್ನೊಂದನೆಯ ಸಾಲಿನಲ್ಲಿ ಅವಳದೇ ಅಕ್ಷರ ಅವಳನ್ನೇ ನೋಡುತ್ತಿತ್ತು.

ಫೋನ್ ಮಾಡಿದಳು. ಇಪ್ಪತ್ತು ಸಲ ಬಡಿದರೂ ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು, ಮತ್ತೆ ಇಪ್ಪತ್ತು. ಕಪಾಟು ತೆರೆದು ಹನ್ನೊಂದನೆಯ ಕೊಕ್ಕೆಯ ಕೀಲಿಕೈಯನ್ನು ಕಿತ್ತುಕೊಂಡು ಅಂಗಳಕ್ಕೆ ಬಂದು, ಉಳಿ ಸುತ್ತಿಗೆ ಚೀಲಕ್ಕೆ ತುಂಬುತ್ತಿದ್ದ ಸೈಕಲ್ ಅಂಗಡಿಯವನನ್ನು, "ನಿನ್ನ ಅಂಗಡಿ ಮೇಲಿನ ತಾತನ್ನ ಇವತ್ತು ನೋಡಿದ್ಯಾ?" ಎಂದು ಕೇಳಿದಳು.

"ಇಲ್ಲಕ್ಕ. ನಾನು ಆರೂವರೆಯಿಂದ ಇಲ್ಲೇ ಇದ್ದೀನಲ್ಲ. ಯಾಕೆ?"

"ಬಾ. ಚೀಲ ತಗೊಂಡೇ ಬಾ."

ಜೀಪ್ ಸಾಹೇಬರೊಂದಿಗೆ ಹೋಗಿತ್ತು. ಗೋಡೆಗೆ ಒರಗಿದ್ದ ಹಾಲಿನವನ ಸೈಕಲ್ಲನ್ನೇ ಹತ್ತಿದಳು, ಅಂಗಡಿಯವನು ತನ್ನದನ್ನು ಹತ್ತಿ ಹಿಂದೆ ಹೊರಟ. ಹಾಲಿನವನು ಬಾಯಿ ತೆರೆದವನು ಅವಳ ಮುಖ ನೋಡಿ ಮುಚ್ಚಿಕೊಂಡ.

ಅರ್ಧ ಮೈಲಿಯ ದಾರಿ. ಯೂನಿಫಾರ್ಮ್ ತೊಟ್ಟು, ನಲವತ್ತಾರನೆಯ ವಯಸ್ಸಿನಲ್ಲಿ, ಎದ್ದು ನಿಂತು ಪೆಡಲ್ ತುಳಿಯುವ ಕಿಟಕಿಯಕ್ಕನನ್ನು ಬೀದಿ ಬೆರಗಾಗಿ ನೋಡಿತು. ಅವಳಿಗೆ ಬೀದಿ ಕಾಣುತ್ತಿರಲಿಲ್ಲ. ಏಳು ಹತ್ತರಿಂದ ಹನ್ನೊಂದು ಎಂದರೆ ಎಷ್ಟು ಹೊತ್ತು? ನಾಲ್ಕು ಗಂಟೆ. ಬಿದ್ದ ಮನುಷ್ಯ ನಾಲ್ಕು ಗಂಟೆ ಬಿದ್ದೇ ಇದ್ದರೆ? ಅವಳು ಗುರುತು ಹಾಕದಿದ್ದರೆ ಎಂಟು ಗಂಟೆಯೊಳಗೆ ಬಾಗಿಲು ತೆರೆದಿರುತ್ತಿತ್ತು. ಅಂಗಡಿಯವನನ್ನು ನಂಬರ್ ಕೊರೆಯಲು ಕರೆದವಳೂ ತಾನೇ. ಇಲ್ಲದಿದ್ದರೆ ಅವನಾದರೂ ಏನಾದರೂ ಸದ್ದು ಕೇಳಿಸಿಕೊಳ್ಳುತ್ತಿದ್ದ. ಎಲ್ಲ ಕಡೆಯಿಂದಲೂ ಬಾಗಿಲು ಮುಚ್ಚಿದ್ದು ತಾನೇ ಎಂದು ಅನಿಸಿತು. ತಾತ ಬದುಕಿದ್ದರೆ ಸಾಕು, ಬೈಯಲಿ, ಕೆಲಸ ಕಳೆಯಲಿ, ಏನು ಬೇಕಾದರೂ ಮಾಡಲಿ ಎಂದುಕೊಂಡಳು.

ಹದಿನೆಂಟು ಮೆಟ್ಟಿಲು ಹತ್ತಿ ಬಾಗಿಲು ಬಡಿದಳು. ಉತ್ತರವಿಲ್ಲ. ಕೀಲಿಕೈ ಹಾಕಿ ತಿರುಗಿಸಿದರೆ ಬಾಗಿಲು ತೆರೆಯಿತು. ಒಳಗಿನಿಂದ ಚಿಲಕ ಹಾಕಿಕೊಳ್ಳಬಾರದು ಎಂಬ ನಿಯಮವನ್ನು ತಾತ ಆರು ವರ್ಷದಿಂದ ಪಾಲಿಸುತ್ತಿದ್ದರು. ಅವಳು ಮಾತ್ರ ತನ್ನದನ್ನು ಪಾಲಿಸಿರಲಿಲ್ಲ.

ಕೋಣೆ ಒಪ್ಪವಾಗಿತ್ತು. ಹಾಸಿಗೆಯ ಮೇಲೆ ಒಂದು ಸುಕ್ಕಿಲ್ಲ. ಕಿಟಕಿಯ ಬಳಿ ಸ್ಟೂಲಿನ ಮೇಲೆ ಫೋನ್, ಅದರ ಎದುರಿಗೆ ಕೂರಲು ಅನುವಾಗಿ ಎಳೆದಿಟ್ಟ ಕುರ್ಚಿ, ಕುರ್ಚಿಯ ಬೆನ್ನಿಗೆ ಇಸ್ತ್ರಿ ಮಾಡಿದ ಅಂಗಿ. ಮೇಜಿನ ಮೇಲೆ ಒಂದು ಲೋಟ ಬೋರಲಾಗಿತ್ತು. ಮನುಷ್ಯ ಮಾತ್ರ ಇರಲಿಲ್ಲ.

ಆಗ ಟಣ್ ಎಂದು ಸದ್ದಾಯಿತು. ಮತ್ತೊಮ್ಮೆ ಟಣ್. ಮತ್ತೊಮ್ಮೆ. ನಲ್ಲಿಯ ಪೈಪಿಗೆ ಯಾರೋ ಲೋಟದಿಂದ ಬಡಿಯುತ್ತಿದ್ದರು. ಅವಸರವಿಲ್ಲದ, ಲೆಕ್ಕದ ಸದ್ದು.

"ತಾತ!"

"ಯಾರದು?" ಎಂದಿತು ಬಚ್ಚಲುಮನೆಯ ಬಾಗಿಲ ಹಿಂದಿನಿಂದ ಒಂದು ದನಿ.

ಕಿಟಕಿಯಕ್ಕನಿಗೆ ಹೋದ ಜೀವ ಬಂದಂತಾಯಿತು. ಹಿಂದೆ ಬಂದಿದ್ದ ಸೈಕಲ್ ಅಂಗಡಿಯವನ ತೋಳು ಹಿಡಿದು ನಿಂತಳು. "ಸ್ಟೇಷನ್ನಿಂದ ತಾತ, ನಾನು."

"ಗಂಟೆ ಹನ್ನೊಂದೂ ಕಾಲು ಅಲ್ವಾ?"

ಅವಳು ಕೈಗಡಿಯಾರ ನೋಡಿದಳು. ಹನ್ನೊಂದು ಹದಿನಾರು. "ಹೌದು."

"ಗಿರಣಿ ಸೈರನ್ ಹಿಡಿದು ಲೆಕ್ಕ ಹಾಕ್ತಾ ಇದ್ದೆ. ಕಾಲು ಗಂಟೆಗೊಂದು ಸಲ ಬಡಿಯೋದು ಅಂತ ಇಟ್ಕೊಂಡೆ. ಸುಮ್ಮನೆ ಬಡೀತಾ ಇದ್ದರೆ ತೋಳು ಸೋತುಹೋಗುತ್ತೆ. ಈ ಬಾಗಿಲ ಹಿಡಿ ಕಿತ್ಕೊಂಡು ಕೈಗೇ ಬಂತು. ಬೀಗದ ಒಳಗಿನ ನಾಲಿಗೆ ಸಿಕ್ಕಿಕೊಂಡಿದೆ. ಆ ಸೈಕಲ್ಲಿನವನನ್ನ ಕರೆಸು."

"ಇಲ್ಲೇ ಇದ್ದೀನಿ ತಾತ" ಎಂದವನೇ ಅವನು ಚೀಲ ಬಿಚ್ಚಿದ. ಉಳಿಯನ್ನು ಸಂದಿಗೆ ಕೊಟ್ಟು ಎರಡು ಪೆಟ್ಟು ಹಾಕಿದ. ಬಾಗಿಲು ತೆರೆದುಕೊಂಡಿತು.

ತಾತ ಬೋರಲು ಬಕೆಟ್ಟಿನ ಮೇಲೆ ಕೂತಿದ್ದರು. ಮೈಮೇಲೆ ಬನಿಯನ್, ಹೆಗಲಿಗೆ ಟವೆಲ್, ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆಯಲ್ಲಿ ಒಣಗಿ ಬಿರುಕುಬಿಟ್ಟ ಸೋಪಿನ ನೊರೆ. ಏಳಲು ಹೋಗಿ ಕಾಲು ಜೋಮು ಹಿಡಿದು ಮತ್ತೆ ಕೂತರು. ಇಬ್ಬರೂ ಸೇರಿ ಅವರನ್ನು ಎತ್ತಿ ತಂದು ಕುರ್ಚಿಯಲ್ಲಿ ಕೂರಿಸಿದರು. ನೀರು ಬೇಕೇ ಎಂದು ಅವಳು ಕೇಳಿದಳು.

"ನಾಲ್ಕೂವರೆ ಗಂಟೆ ನಲ್ಲಿ ಪಕ್ಕದಲ್ಲೇ ಕೂತಿದ್ದೆ ಕಣಮ್ಮ" ಎಂದರು ತಾತ. "ನೀರು ಬಿಟ್ಟು ಬೇರೆ ಏನಾದ್ರೂ ಇದ್ದರೆ ಕೊಡು."

ಸೈಕಲ್ ಅಂಗಡಿಯವನು ಹಾಲು ಕಾಯಿಸಲು ಒಲೆ ಹಚ್ಚಿದ. ತಾತ ಅಂಗಿ ಹಾಕಿಕೊಂಡು, ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹಾಕಿ, ಆಮೇಲೆ ಅವಳ ಮುಖ ನೋಡಿದರು.

"ನೀನು ಸರಿಯಾಗಿದ್ದೀಯಾ?"

"ನಾನಾ?"

"ಏಳೂವರೆಗೆ ನೀನು ಫೋನ್ ಮಾಡಬೇಕಿತ್ತು. ಬಡೀಲಿಲ್ಲ. ಎಂಟಕ್ಕೆ ಬಾಗಿಲ ಹತ್ರ ಇರಬೇಕಿತ್ತು. ಬರಲಿಲ್ಲ. ಒಂಬತ್ತಾಯ್ತು, ಹತ್ತಾಯ್ತು. ಹನ್ನೊಂದರ ಮೇಲೆ ಬಡಿದದ್ದು ನೀನೋ, ನಿನ್ನ ಜಾಗದಲ್ಲಿ ಕೂತೋರೋ ಗೊತ್ತಾಗಲಿಲ್ಲ. ಹೀಗಾಗೋ ಹೆಂಗಸಲ್ಲ ಅವಳು, ಅವಳಿಗೇ ಏನೋ ಆಗಿದೆ ಅಂದುಕೊಂಡೆ. ನನ್ನ ಚಿಂತೆ ನನಗೆ ಅಷ್ಟಿರಲಿಲ್ಲ. ಇಲ್ಲಿ ನೀರಿದೆ, ನೆರಳಿದೆ. ನಿನಗೆ ಏನಾಯ್ತೋ ಅಂತ ಯಾರನ್ನ ಕೇಳೋದು? ನಿನ್ನ ಹಾಜರಿ ತಗೊಳ್ಳೋರು ಯಾರು?"

ಕಿಟಕಿಯಕ್ಕ ತಲೆ ತಗ್ಗಿಸಿದಳು. ಒಲೆಯ ಬಳಿಯಿಂದ ಸೈಕಲ್ ಅಂಗಡಿಯವನು ಅವಳ ಬಣ್ಣಗೆಟ್ಟ ಮುಖ ನೋಡಿದ. ಕಷ್ಟ ಏನೆಂದು ಅವನಿಗೆ ಪೂರ್ತಿ ತಿಳಿಯದಿದ್ದರೂ ಸಹಾಯ ಮಾಡುವ ಮನಸ್ಸಾಯಿತು. "ಸ್ಟೇಷನ್ ಫೋನ್ ಕೆಟ್ಟಿತ್ತು ತಾತ, ಬೆಳಗ್ಗೆಯಿಂದ" ಎಂದು ತೇಲಿಸಿಬಿಟ್ಟ.

ಎಷ್ಟು ಸುಲಭದ ಸುಳ್ಳು. ಆಡುವ ಕಷ್ಟವೂ ಅವಳದಲ್ಲ, ಸುಮ್ಮನಿದ್ದರೆ ಸಾಕಿತ್ತು. ತಾತ ನಂಬಿದ ಹಾಗೆ ತಲೆಯಾಡಿಸಿಯೂ ಬಿಟ್ಟರು. ಅವರು ನಂಬಿದ್ದನ್ನೇ ಅವಳಿಗೆ ತಡೆಯಲಾಗಲಿಲ್ಲ.

"ಫೋನ್ ಕೆಟ್ಟಿರಲಿಲ್ಲ ತಾತ. ನಾನು ನಿಮ್ಮ ಹಾಜರಿ ಮೊದಲೇ ಹಾಕಿಬಿಟ್ಟಿದ್ದೆ. ಫೋನ್ ಬರೋಕ್ ಮುಂಚೆ. ಹೇಗೂ ಬರುತ್ತಲ್ಲ ಅಂತ."

ಒಲೆಯ ಮೇಲೆ ಹಾಲು ಉಕ್ಕಿತು. ತಾತ ಕೈಯಿಂದ ಕೆನ್ನೆಯ ಒಣಗಿದ ನೊರೆಯನ್ನು ಉಜ್ಜಿ, ಉದುರಿದ್ದನ್ನು ಅಂಗೈಯಲ್ಲಿ ಹಿಡಿದುಕೊಂಡರು.

"ಆ ಪುಟ ಹಾಗೇ ಇದೆಯಾ?" ಎಂದರು ಕೊನೆಗೆ.

"ಇದೆ."

"ಯಾರೂ ಮುಟ್ಟಬಾರದು. ಈ ಕೆನ್ನೆ ಮುಗಿಸಿ ಬರ್ತೀನಿ."

ಹೇಳಿದಂತೆ ಮಧ್ಯಾಹ್ನ ಎರಡಕ್ಕೆ ಬಂದರು. ಎರಡೂ ಕೆನ್ನೆ ನುಣ್ಣಗಿದ್ದವು, ಜೇಬಿನಲ್ಲಿ ಕೆಂಪು ಪೆನ್ನಿತ್ತು. ಅಷ್ಟರಲ್ಲಿ ಕಿಟಕಿಯಕ್ಕ ಇನ್ಸ್‌ಪೆಕ್ಟರ್ ಸಾಹೇಬರಿಗೆ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದ್ದಳು. ಸಾಹೇಬರು ಮೊದಲು ಕೆಂಪಾಗಿದ್ದರು, ಆಮೇಲೆ ಸುಸ್ತಾಗಿದ್ದರು. ಏನು ಮಾಡುವುದೆಂದು ತೋಚದೆ, ತಾತ ಬಂದದ್ದನ್ನು ನೋಡಿ ಅವರಿಗೇ ಕುರ್ಚಿ ಕೊಟ್ಟರು.

ತಾತ ರಿಜಿಸ್ಟರ್ ತೆರೆದು, ಕನ್ನಡಕ ಏರಿಸಿ, ಹಿಂದಿನ ಪುಟಗಳನ್ನೂ ತಿರುವಿ ನೋಡಿದರು. ತಮ್ಮ ಸಾಲಿನಲ್ಲಿ ದಿನ ತಪ್ಪದೆ 7.10, 7.10 ಎಂದಿದ್ದದ್ದನ್ನು ನೋಡಿ ಸ್ವಲ್ಪ ಬೀಗಿದರೆಂದು ಅವಳಿಗೆ ಅನಿಸಿತು. ಆಮೇಲೆ ಇವತ್ತಿನ ಸಾಲಿಗೆ ಬಂದು, ಕೆಂಪು ಪೆನ್ನನ್ನು ಅವಳ ಕೈಗೆ ಕೊಟ್ಟರು.

"ಒಂದೇ ಗೆರೆ ಎಳಿ. ಕೆಳಗಿರೋದು ಓದೋ ಹಾಗಿರಬೇಕು. ತಪ್ಪು ಅಳಿಸಬಾರದು, ಕಾಣಬೇಕು. ಹಾಂ. ಈಗ ಬರಿ, ಗೈರುಹಾಜರು. ಕೇಳದೆ ಗುರುತು ಹಾಕಿದ್ದು. ಹನ್ನೊಂದು ಹದಿನಾರಕ್ಕೆ ಸಿಕ್ಕಿದ್ದು. ಜೀವಂತ."

ಜೀವಂತ ಎಂದು ಬರೆಯುವಾಗ ಅವಳ ಕಣ್ಣು ತುಂಬಿ ಅಕ್ಷರ ಮಂಜಾಯಿತು.

"ಸಹಿ ಹಾಕು" ಎಂದರು ತಾತ. ಅವಳು ಹಾಕಿದ ಮೇಲೆ ಪೆನ್ನು ತೆಗೆದುಕೊಂಡು, ಪಕ್ಕದಲ್ಲಿ ತಮ್ಮದೂ ಒಂದು ಸಹಿ ಹಾಕಿದರು. "ಮೂವತ್ತೆಂಟು ವರ್ಷದಲ್ಲಿ ಸುಳ್ಳು ಹಾಜರಿ ಹಾಕಿದೋರನ್ನ ಬಹಳ ಜನಾನ ಹಿಡಿದೆ. ತಾನಾಗಿ ಬಂದು ಹೇಳಿದೋರು ಒಬ್ಬರೂ ಸಿಗಲಿಲ್ಲ. ಸಾಹೇಬ್ರೇ, ಈಕೇನ ಈ ಕಿಟಕಿಯಿಂದ ಬದಲಾಯಿಸಬೇಡಿ. ಇನ್ನು ಈಕೆ ಗುರುತು ಹಾಕಿದರೆ ಅದು ಗುರುತು."

ಸಾಹೇಬರ ತಲೆಯಿಂದ ದೊಡ್ಡ ಹೊರೆ ಇಳಿದಂತಾಯಿತು. ತೀರ್ಮಾನ ಬೇರೆಯವರು ಮಾಡಿಕೊಟ್ಟಾಗ ಅವರಿಗೆ ಯಾವಾಗಲೂ ಹಾಗೇ ಆಗುತ್ತಿತ್ತು. ಆದರೂ ತಾವೂ ಒಂದು ಕ್ರಮ ಕೈಗೊಳ್ಳಬೇಕಲ್ಲ ಎಂದು, "ಆ ಗಡಿಯಾರ ಇವತ್ತೇ ಬದಲಾಗಲಿ" ಎಂದರು. ಕಿಟಕಿಯಕ್ಕ ಗಾಬರಿಯಾಗಿ, ಅದು ಸರಿಯಾಗಿ ನಡೆದಿದ್ದರೆ ತನಗೆ ತಿಳಿಯುತ್ತಲೇ ಇರಲಿಲ್ಲ ಎಂದು ವಿವರಿಸಿದಳು. ಸಾಹೇಬರು ಗೋಡೆಯನ್ನೂ ತಾತನನ್ನೂ ನೋಡಿ, ಹೊಸ ಗಡಿಯಾರವನ್ನು ತಮ್ಮ ಕೋಣೆಯಲ್ಲೇ ಹಾಕಿಸಿಕೊಂಡರು.

ಸಂಜೆ ಮನೆಯ ಹೊಸಿಲು ದಾಟುತ್ತಿದ್ದಂತೆ ಅತ್ತೆ ಕೇಳಿದರು. "ನಿನ್ನ ಹದಿಮೂರು ಜನ ಇದ್ದಾರೇನೇ?"

"ಇದ್ದಾರೆ ಅತ್ತೆ" ಎಂದವಳು ಅಲ್ಲೇ ಬಾಗಿಲಲ್ಲಿ ಕೂತು ಅತ್ತುಬಿಟ್ಟಳು. ಅಳುತ್ತಲೇ ಬಕೆಟ್ಟಿನ ಮೇಲೆ ಅರ್ಧ ಗಡ್ಡ ಹೆರೆದುಕೊಂಡು ಕೂತ ತಾತ ನೆನಪಾಗಿ ನಗುವೂ ಬಂತು. ಅಳುವೋ ನಗುವೋ ತೀರ್ಮಾನವಾಗದೆ ಅತ್ತೆ ಗಾಬರಿಯಿಂದ ಮಗನನ್ನು ಕೂಗಿದರು. ಅವನು ಬಂದು ನೋಡಿ, ಏನೂ ಕೇಳದೆ, ಟೀ ಪಾತ್ರೆಯನ್ನು ತಾನೇ ಒಲೆಯ ಮೇಲಿಟ್ಟ.

ಮರುದಿನ ಬೆಳಗ್ಗೆ ಕಿಟಕಿಯಕ್ಕ ಆರೂಮುಕ್ಕಾಲಿಗೇ ಫೋನಿನ ಮುಂದೆ ಕೂತಳು. ಪೆನ್ನನ್ನು ರಿಜಿಸ್ಟರಿನಿಂದ ಒಂದು ಮೊಳ ದೂರದಲ್ಲಿಟ್ಟಿದ್ದಳು. ಒಬ್ಬೊಬ್ಬರ ದನಿ ಕಿವಿಗೆ ಬಿದ್ದ ಮೇಲೆ ಪೆನ್ನು ಎತ್ತುವುದು, ಬರೆಯುವುದು, ಮತ್ತೆ ದೂರ ಇಡುವುದು. ನಿನ್ನೆ ಮುಳ್ಳು ತಳ್ಳದೆ ಬಿಟ್ಟ ಗೋಡೆ ಗಡಿಯಾರದಲ್ಲಿ ಏಳು ಒಂದಾಯಿತು. ಏಳು ಎರಡಾಗುವ ಹೊತ್ತಿಗೆ ಫೋನ್ ಬಡಿಯಿತು. ಅವಳು ಮೊದಲ ಗಂಟೆಗೇ ಎತ್ತಿದಳು.

"ಹಾಜರ್. ಏಳು ಹತ್ತು" ಎಂದರು ತಾತ.

ಇನ್ನು ಫೋನ್ ಇಡುವ ಸದ್ದು ಬರಬೇಕಿತ್ತು. ಬರಲಿಲ್ಲ. ಆ ಕಡೆ ತಾತ ಗಂಟಲು ಸರಿಮಾಡಿಕೊಂಡರು.

"ನೀನು?" ಎಂದರು.

ತಾತ ಕಾಯುತ್ತಿದ್ದರು. ಅವರ ಮುಂದೆಯೂ ಒಂದು ಪುಸ್ತಕ ತೆರೆದಿರುವಂತೆ, ಕೈಯಲ್ಲೊಂದು ಪೆನ್ನಿರುವಂತೆ ಅವಳಿಗೆ ಅನಿಸಿತು.

"ಹಾಜರ್ ತಾತ" ಎಂದಳು.

ಆ ಕಡೆಯಿಂದ ಕಾಗದದ ಮೇಲೆ ಪೆನ್ನು ಗೀರಿದ ಸದ್ದು ಸಣ್ಣಗೆ ಕೇಳಿಸಿತು. ಆಮೇಲೆ ಫೋನ್ ಇಟ್ಟರು. ಕಿಟಕಿಯಕ್ಕ ತನ್ನ ಪೆನ್ನು ಎತ್ತಿ 7.10 ಎಂದು ಬರೆದು, ಗುರುತು ಹಾಕಿ, ಗಡಿಯಾರ ಸರಿಮಾಡಲು ಸ್ಟೂಲ್ ಹತ್ತಿದಳು.